ಕಲ್ಲು, ಯಂತ್ರ ಮತ್ತು ನೀಲಾಳ ಪಾಳಿ

ಕಸ್ಟಮ್ಸ್ ಮೇಜು

ಜರ್ಮನಿಯ ನೆಲದ ಮೇಲೆ ನನ್ನನ್ನು ಮೊದಲು ಮಾತಾಡಿಸಿದ ಮನುಷ್ಯ ಒಬ್ಬ ಕಸ್ಟಮ್ಸ್ ಅಧಿಕಾರಿ. ನನ್ನ ಚೀಲದಿಂದ ಒಂದು ಕಡಕ್ ಜೋಳದ ರೊಟ್ಟಿಯನ್ನೂ ಒಂದು ಶಹಾಬಾದ್ ಕಲ್ಲಿನ ಚೂರನ್ನೂ ತೆಗೆದು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟುಕೊಂಡು, ಇವುಗಳಲ್ಲಿ ತಿನ್ನುವುದು ಯಾವುದು ಎಂದು ಕೇಳಿದ.

ತಮಾಷೆಗೆ ಕೇಳಿದ್ದಲ್ಲ. ಎರಡನ್ನೂ ಬೆರಳಿನಿಂದ ತಟ್ಟಿ ನೋಡಿದ್ದ, ಎರಡೂ ಟಕ್ ಟಕ್ ಅಂದಿದ್ದವು. ನಾನು ರೊಟ್ಟಿಯ ತುದಿ ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನಿಗೂ ಒಂದು ತುಂಡು ನೀಡಿದೆ. ಬೇಡವೆಂದು ಕೈ ಆಡಿಸಿ, ಶೇಂಗಾ ಹಿಂಡಿ ಎಂಬ ನಮ್ಮ ಖಾರದ ಚಟ್ನಿಪುಡಿಯ ಡಬ್ಬಿಯನ್ನು ಮೂಸಿ, ಸೀನಿದ. ಆಮೇಲೆ ಕಲ್ಲಿನ ಕಡೆ ಬೊಟ್ಟು ಮಾಡಿದ.

"ಹೆಂಡತಿಗೆ" ಎಂದೆ.

ಅವನು ಒಬ್ಬ ಮಹಿಳಾ ಅಧಿಕಾರಿಯನ್ನು ಕರೆದ. ಆಕೆಗೆ ನನ್ನ ಮೊಬೈಲಿನಲ್ಲಿದ್ದ ಪ್ರಯೋಗಾಲಯದ ಪತ್ರ ತೋರಿಸಿದೆ. ಆಕೆ ಓದಿ, ಅವನ ಕಿವಿಯಲ್ಲಿ ಏನೋ ಹೇಳಿ ನಕ್ಕಳು. ಕಲ್ಲು, ರೊಟ್ಟಿ, ಹಿಂಡಿ, ಮೂರೂ ನನ್ನ ಜೊತೆ ಹೊರಗೆ ಬಂದವು.

ಹೆಂಡತಿಗೆ ಕಲ್ಲು ಒಯ್ಯುವ ಗಂಡಸಿನ ಬಗ್ಗೆ ಸ್ವಲ್ಪ ಹೇಳಬೇಕು. ಆಳಂದದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಮೆಡಿಕಲ್ ಅಂಗಡಿ. ನನ್ನ ಹೆಂಡತಿ ನೀಲಾಂಬಿಕಾ ಅಫಜಲಪುರದ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ದಿನಾ ಬೆಳಗ್ಗೆ ಬಸ್ಸು ಹಿಡಿದು ಹೋಗಿ, ಸಂಜೆ ಸೀರೆಯ ಮೇಲೆ ಒಂದಿಷ್ಟು ಧೂಳು, ಬೆರಳಿಗೊಂದು ಆ್ಯಸಿಡ್ ಕಲೆ ಹೊತ್ತು ಬರುವವಳು. ನಮ್ಮ ಕಡೆ ನೆಲಕ್ಕೆ ಹಾಸುವ ಈ ಶಹಾಬಾದ್ ಫರಸಿ ಕಲ್ಲನ್ನು ಸುಟ್ಟು ಪುಡಿ ಮಾಡಿ, ಅದರಿಂದ ಕರಿದುಳಿದ ಎಣ್ಣೆಯನ್ನು ಡೀಸೆಲ್ಲಿನಂಥ ಇಂಧನ ಮಾಡಬಹುದೇ ಎಂದು ವರ್ಷಗಟ್ಟಲೆ ಕೂತು ನೋಡಿದವಳು. ಆ ಪುಡಿಗೆ ವೇಗವರ್ಧಕ ಅನ್ನುತ್ತಾರೆ. ನನಗೆ ಅವಳು ತಿಳಿಸಿ ಹೇಳಿದ್ದು ಹೀಗೆ: "ಎರಡು ಮನಿಯವರನ್ನ ಕೂಡ್ಸಿ ಲಗ್ನ ಮಾಡಿಸಿ, ತಾನು ಇದ್ದಂಗೇ ಹೊರಗ ಬರ್ತಾನಲ್ರಿ ಹಿರ್ಯಾ, ಅಂಥಾದ್ದು. ಕೆಲಸ ಆಗ್ತದ, ಅದು ಖರ್ಚಾಗಂಗಿಲ್ಲ."

ಈ ಕೆಲಸಕ್ಕಾಗಿ ಆರು ತಿಂಗಳ ಮಟ್ಟಿಗೆ ಅವಳನ್ನು ಉತ್ತರ ಜರ್ಮನಿಯ ಒಂದು ಬಂದರಿನ ಊರಿನ ಪ್ರಯೋಗಾಲಯ ಕರೆಸಿಕೊಂಡಿತ್ತು. ಅಲ್ಲಿ ಪ್ರಯೋಗಗಳನ್ನು ಯಂತ್ರವೇ ಮಾಡುತ್ತದೆ, ಮುಂದೆ ಯಾವುದು ಮಾಡಬೇಕೆಂದು ಕಂಪ್ಯೂಟರ್ ತಾನೇ ಕಲಿತು ಹೇಳುತ್ತದೆ ಎಂದಿದ್ದಳು. ನಾಲ್ಕು ತಿಂಗಳಾಗುವಷ್ಟರಲ್ಲಿ ಒಯ್ದ ಕಲ್ಲು ಮುಗಿದಿತ್ತು. ಜೇವರ್ಗಿಯಲ್ಲಿ ಕಲ್ಲು ಪಾಲಿಶ್ ಮಾಡಿಸುವ ನನ್ನ ಷಡ್ಡಕನಿಂದ ಚೂರುಗಳನ್ನು ತರಿಸಿಕೊಂಡು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಒಂದು ತಿಂಗಳಿಗೆಂದು ಹೊರಟೆ. ಊರಲ್ಲಿ ಎಲ್ಲರಿಗೂ ದೇಶ ನೋಡಲು ಹೋಗುತ್ತೇನೆ ಎಂದೆ. ನಿಜವಾಗಿ ನಾನು ಹೊರಟದ್ದು ಬೇರೆಯದಕ್ಕೆ. ಹಿಂದಿನ ತಿಂಗಳು ಫೋನಿನಲ್ಲಿ, ಇನ್ನೂ ಒಂದು ವರ್ಷ ಇರುತ್ತೀರಾ ಎಂದು ಅಲ್ಲಿನ ಪ್ರೊಫೆಸರ್ ಕೇಳಿದ್ದಾರೆಂದು ಅವಳು ಹೇಳಿದ್ದಳು. ಏನಂದಿ ಎಂದು ಕೇಳಿದ್ದಕ್ಕೆ, "ನೋಡ್ತೇನಿ ಅಂದೇನ್ರಿ" ಎಂದಿದ್ದಳು. ಆ "ನೋಡ್ತೇನಿ" ನನಗೆ ಸರಿಬಂದಿರಲಿಲ್ಲ. ನಾನು ಅವಳನ್ನು ಕರೆದುಕೊಂಡು ಬರಲು ಹೊರಟಿದ್ದೆ.

ಬಂದರಿನ ಊರು

ಆ ಊರಿನಲ್ಲಿ ಗಾಳಿಗೆ ಬಿಡುವಿಲ್ಲ. ಬಿಸಿಲು ಮಾತ್ರ ಅಪರೂಪಕ್ಕೆ ಬರುತ್ತದೆ. ಬಂದಾಗ ಜನ ಕೆಲಸ ಬಿಟ್ಟು ಹೊರಗೆ ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಬಿಸಿಲು ತಪ್ಪಿಸಿಕೊಳ್ಳಲು ಗೋಡೆ ಹುಡುಕುವ ಊರಿನವನಾದ ನನಗೆ ಅವರನ್ನು ನೋಡಿ ಪಾಪ ಅನ್ನಿಸಿತು.

ಅಲ್ಲಿ ಹುಟ್ಟುಹಬ್ಬದ ದಿನ ಕೇಕು ತರಬೇಕಾದವರು ಹುಟ್ಟಿದವರೇ. ನಡು ಮಧ್ಯಾಹ್ನ ಪ್ರಯೋಗಾಲಯದ ಓಣಿಯಲ್ಲಿ ಎದುರಾದವರೆಲ್ಲ "ಮಾಲ್‌ಟ್ಸೈಟ್" ಎನ್ನುತ್ತಾರೆ. ಏನು ಕೇಳುತ್ತಿದ್ದಾರೋ ಎಂದು ನಾನು ಮೊದಲ ದಿನ ಎಲ್ಲರಿಗೂ ಊಟ ಆಯಿತು ಎಂದು ಉತ್ತರ ಕೊಟ್ಟೆ. ಅದು ಊಟದ ಹೊತ್ತಿನ ನಮಸ್ಕಾರವಂತೆ. ನನ್ನ ಉತ್ತರವೂ ಅಷ್ಟೇನು ತಪ್ಪಾಗಿರಲಿಲ್ಲ.

ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಕೆಂಪು ದೀಪ ಇದ್ದರೆ ಯಾರೂ ದಾಟುವುದಿಲ್ಲ. ಎರಡನೇ ದಿನ ನಾನು ದಾಟಿದೆ. ಈಚೆ ಬದಿಯಲ್ಲೇ ನಿಂತಿದ್ದ ಒಬ್ಬ ಮುದುಕಿ ಜರ್ಮನ್ ಭಾಷೆಯಲ್ಲಿ ನನ್ನನ್ನು ಚೆನ್ನಾಗಿ ಬೈದಳು. ನಾನು ತಿರುಗಿ ನೋಡಿದರೆ ನೀಲಾ ಆ ಮುದುಕಿಯ ಪಕ್ಕದಲ್ಲಿ, ದೀಪ ಹಸಿರಾಗುವ ತನಕ ಕೈಕಟ್ಟಿ ನಿಂತಿದ್ದಾಳೆ. ಆಚೆ ಬಂದವಳೇ "ಇಲ್ಲಿ ಹಂಗೆಲ್ಲಾ ಮಾಡಬ್ಯಾಡ್ರಿ" ಎಂದಳು.

ಆಳಂದದಲ್ಲಿ ಲಾರಿಗಳ ನಡುವೆ ನನಗಿಂತ ಮೊದಲು ದಾಟಿ ಆಚೆ ನಿಂತು ನಗುವ ಹೆಂಗಸು ಇವಳು. ನಾಲ್ಕೇ ತಿಂಗಳಲ್ಲಿ ಇವಳು ಈ ಊರಿನವಳಾದಳೇ ಎಂದು ಹೆದರಿಕೆಯಾಯಿತು.

ಗಾಜಿನ ಕೋಣೆ

ನಾನು ತಂದ ಕಲ್ಲಿನಲ್ಲಿ ಅರ್ಧದಷ್ಟನ್ನು ಸುಟ್ಟು ಪುಡಿ ಮಾಡಿಟ್ಟು, ಮುಂದಿನ ಸೋಮವಾರ ನೀಲಾ ನನ್ನನ್ನು ಯಂತ್ರ ನೋಡಲು ಕರೆದೊಯ್ದಳು. ಗಾಜಿನ ಗೋಡೆಯ ಒಂದು ಕೋಣೆ. ಒಳಗೆ ನೆಲಕ್ಕೆ ಜೋಡಿಸಿದ ಹಳಿಯ ಮೇಲೆ ಅತ್ತಿಂದಿತ್ತ ಓಡಾಡುವ ಒಂದು ಉದ್ದನೆಯ ಕೈ. ಅದು ಪುಟ್ಟ ಸೀಸೆ ಎತ್ತುತ್ತದೆ, ಪುಡಿ ತೂಗುತ್ತದೆ, ಎಣ್ಣೆ ಸುರಿಯುತ್ತದೆ, ಕಾಯಿಸುತ್ತದೆ, ಅಲುಗಿಸುತ್ತದೆ, ಎಷ್ಟು ಎಣ್ಣೆ ಇಂಧನವಾಯಿತೆಂದು ಅಳೆಯುತ್ತದೆ. ಅಳತೆ ಕಂಪ್ಯೂಟರಿಗೆ ಹೋಗುತ್ತದೆ. ಅದುವರೆಗಿನ ಎಲ್ಲ ಅಳತೆಗಳಿಂದ ಕಲಿತು ಕಂಪ್ಯೂಟರು, ನಾಳೆ ಯಾವ ಪುಡಿ, ಎಷ್ಟು ಬಿಸಿ, ಯಾವುದರ ಜೊತೆ ಎಷ್ಟು ಬೆರಕೆ ಎಂದು ಹೇಳುತ್ತದೆ.

ಕೋಣೆಯ ಹೊರಗೆ ಇಬ್ಬರು. ಒಬ್ಬಾಕೆ ಉಟಾ, ಬೆಳ್ಳಿ ಕೂದಲಿನ ತಂತ್ರಜ್ಞೆ. ಬೆಳಗ್ಗೆ ಬಂದ ಕೂಡಲೇ ಯಂತ್ರಕ್ಕೆ ಶುಭೋದಯ ಹೇಳಿ, ಆಮೇಲೆ ನಮಗೆ ಹೇಳುತ್ತಾಳೆ. ಇನ್ನೊಬ್ಬ ಯೋನಾಸ್, ಆ ಕಂಪ್ಯೂಟರಿಗೆ ಕಲಿಯುವುದನ್ನು ಕಲಿಸಿದವನು. ಗಡ್ಡದ ಯುವಕ, ನಿಧಾನದ ಮಾತು, ಒಳ್ಳೆಯವನು. ನಾನು ಕೊಟ್ಟ ಶೇಂಗಾ ಹಿಂಡಿಯನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಕಣ್ಣೀರು ಹಾಕುತ್ತಲೇ ಇನ್ನೊಂದು ಚಮಚ ಕೇಳಿದ.

ಯಂತ್ರ ಒಂದೇ, ಅದನ್ನು ಕೇಳುವವರು ಬಹಳ. ಹೀಗಾಗಿ ಒಬ್ಬೊಬ್ಬರಿಗೆ ಒಂದೊಂದು ವಾರದ ಪಾಳಿ. ಆ ವಾರ ನೀಲಾಳದು. ಪಾಳಿಯವರು ಮಾಡಬೇಕಾದ್ದು ಕಂಪ್ಯೂಟರಿನ ಸಲಹೆಯನ್ನು ಪ್ರತಿದಿನ ಬೆಳಗ್ಗೆ ಓದಿ ಒಪ್ಪಿಗೆಯ ಗುಂಡಿ ಒತ್ತುವುದು. ಬೇಡವೆನ್ನಿಸಿದರೆ ನಿಲ್ಲಿಸುವ ಗುಂಡಿಯೂ ಪಕ್ಕದಲ್ಲೇ ಇದೆ. ಅದನ್ನು ಯಾರೂ ಒತ್ತುವುದಿಲ್ಲವೆಂದು ಉಟಾ ಹೇಳಿದಳು.

"ಎಲ್ಲಾ ಅದೇ ಮಾಡ್ತದಂದ್ರ ನೀ ಯಾಕ ಬೇಕು?" ಎಂದು ನೀಲಾಳನ್ನು ಕೇಳಿಬಿಟ್ಟೆ. ಊರಿಗೆ ಬಾ ಎನ್ನಲು ಅದೊಂದು ದಾರಿ ಎಂದುಕೊಂಡು ಕೇಳಿದ್ದು.

ಅವಳು ಸಿಟ್ಟಾಗಲಿಲ್ಲ. ಗಾಜಿನಾಚೆ ನೋಡುತ್ತ, "ಅದನ್ನೇ ನಾನೂ ಕೇಳಿಕೊಳ್ಳಾಕತ್ತೇನ್ರಿ" ಎಂದಳು. ದನಿ ಸಣ್ಣದಾಗಿತ್ತು. ಕೇಳಬಾರದಿತ್ತು ಅನ್ನಿಸಿತು.

ಬುಧವಾರ

ಬುಧವಾರ ಬೆಳಗ್ಗೆ ನೀಲಾ ಪರದೆಯ ಮುಂದೆ ಕಲ್ಲಿನಂತೆ ಕೂತಿದ್ದಳು. ಏನಾಯಿತು ಎಂದೆ. "ನಮ್ಮ ಕಲ್ಲನ್ನ ಬಿಟ್ಟುಬಿಟ್ಟದ" ಎಂದಳು.

ಎರಡು ದಿನದ ಅಳತೆ ನೋಡಿ ಕಂಪ್ಯೂಟರು, ಶಹಾಬಾದ್ ಕಲ್ಲಿನ ಪುಡಿಯಿಂದ ಉಪಯೋಗವಿಲ್ಲವೆಂದು ತೀರ್ಮಾನಿಸಿ ಬೇರೆ ಪುಡಿಗಳ ಕಡೆ ತಿರುಗಿತ್ತು. ಒಪ್ಪಿಗೆ ಒತ್ತಿದರೆ ವಾರದ ಉಳಿದ ದಿನಗಳೆಲ್ಲ ಅವಕ್ಕೇ. ಅಫಜಲಪುರದ ಸಣ್ಣ ಕುಲುಮೆಯಲ್ಲಿ ಅವಳು ವರ್ಷಗಟ್ಟಲೆ ಸುಟ್ಟ ಕಲ್ಲಿನ ಕಥೆ ಅಲ್ಲಿಗೆ ಮುಗಿಯುತ್ತಿತ್ತು.

ಅವಳು ಎದ್ದು ಗಾಜಿಗೆ ಹಣೆ ಹಚ್ಚಿ ಬಹಳ ಹೊತ್ತು ಒಳಗೆ ನೋಡಿದಳು. ಪುಡಿ ತುಂಬಿದ ಸೀಸೆಗಳು ಒಂದು ತಟ್ಟೆಯಲ್ಲಿ ಸಾಲಾಗಿ ತಮ್ಮ ಸರದಿ ಕಾಯುತ್ತಿದ್ದವು. ಮುಚ್ಚಳ ಇರಲಿಲ್ಲ. ಮುಚ್ಚಳ ತೆಗೆಯುವಾಗ ಯಂತ್ರದ ಬೆರಳು ಪದೇ ಪದೇ ಜಾರುತ್ತಿತ್ತೆಂದು ತಿಂಗಳ ಹಿಂದೆ ಅವುಗಳನ್ನು ತೆಗೆದಿಟ್ಟಿದ್ದರು. ಬೇರೆಯವರ ಪುಡಿಗಳಿಗೆ ಅದರಿಂದ ಏನೂ ಆಗಿರಲಿಲ್ಲ.

"ಸುಟ್ಟ ಕಲ್ಲು ಅಂದ್ರ ಸುಣ್ಣ ರೀ. ಗಾಳಿಗೆ ಇಟ್ರ ತೇವ ಹಿಡುದು ಕೆಡ್ತದ. ಮೊದಲ್ನೇ ದಿನ ಕಂಪ್ಯೂಟರ್ ತನಗ ಜರಾ ಅನುಮಾನ ಇದ್ದದ್ದನ್ನೆಲ್ಲ ಸಾಲಿನ ಕಡೀಗಿ ಇಟ್ಟದ. ಕಡೀಗಿ ಕುಂತ ನಮ್ಮ ಪುಡಿ ತಾಸಗಟ್ಲೆ ಗಾಳಿ ಕುಡುದು ಖರೇನೇ ಕೆಟ್ಟದ. ಕೆಟ್ಟದ್ದು ನೋಡಿ, ನನ್ನ ಅನುಮಾನ ಬರೋಬ್ಬರಿ ಇತ್ತು ಅಂತ ಅದು ಕಲ್ತದ. ನಮ್ಮ ಕಾಲೇಜಿನ್ಯಾಗ ಹಿಂದಿನ ಬೆಂಚಿಗಿ ಕೂಡ್ಸಿದ ಹುಡುಗ್ರು ಹಿಂಗೇ ಆಗ್ತಾರ."

ಇದನ್ನೇ ಅವಳು ಯೋನಾಸನಿಗೂ ಹೇಳಿದಳು. ಅವನು ಪೂರ್ತಿ ಕೇಳಿದ. ಆಮೇಲೆ ನಿಧಾನವಾಗಿ, ಇರಬಹುದು, ಆದರೆ ಇದು ನಿಮ್ಮ ಊರಿನ ಕಲ್ಲು ಎಂದ. ಪ್ರತಿಯೊಬ್ಬರಿಗೂ ತಮ್ಮ ಪುಡಿ ಸೋತಾಗ ಒಂದು ಕಾರಣ ಹೊಳೆಯುತ್ತದೆ. ಹಾಗೆ ಹೊಳೆದಾಗಲೆಲ್ಲ ಯಂತ್ರವನ್ನು ನಿಲ್ಲಿಸಿದರೆ, ಅದು ಕಲಿಯುವುದು ರಸಾಯನಶಾಸ್ತ್ರವನ್ನಲ್ಲ, ನಮ್ಮ ಆಸೆಯನ್ನು. ನಿಲ್ಲಿಸಿದರೆ ಹೋಗುವ ದಿನ ಮತ್ತೆ ಸಿಗುವುದಿಲ್ಲ, ಮುಂದಿನ ವಾರ ಇನ್ನೊಬ್ಬರದು ಎಂದೂ ನೆನಪಿಸಿದ.

ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನೀಲಾ ನನ್ನ ಕಡೆ ತಿರುಗಿ, ಎಲ್ಲರೆದುರು ಕನ್ನಡದಲ್ಲಿ ಕೇಳಿದಳು: "ಏನ್ ಮಾಡ್ಲಿ ರೀ?"

"ನಿನಗ ಅನುಮಾನ ಯಾರ ಮ್ಯಾಲ ಅದ? ಮಷೀನ್ ಮ್ಯಾಲೋ, ನಿನ್ನ ಮ್ಯಾಲೋ?"

"ಇಬ್ಬರ ಮ್ಯಾಲೂ ಅದ."

"ಹಂಗಾದ್ರ ಇಬ್ಬರನ್ನೂ ಪರೀಕ್ಷಾ ಮಾಡು. ಅದಕ್ಕ ಟೈಮ್ ಬೇಕಲ್ಲ?"

ಅವಳು ನಿಲ್ಲಿಸುವ ಗುಂಡಿ ಒತ್ತಿದಳು. ಗಾಜಿನಾಚೆ ಆ ಉದ್ದನೆಯ ಕೈ ಅರ್ಧಕ್ಕೆ ಎತ್ತಿದ್ದ ಒಂದು ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟು, ಮಡಚಿಕೊಂಡು ಮೂಲೆಗೆ ಹೋಗಿ ನಿಂತಿತು. ಉಟಾ ಕೈಗವಸು ಹಾಕಿಕೊಂಡಳು.

ಬಣ್ಣದ ಚೀಟಿ

ಪರೀಕ್ಷೆ ಕೈಯಿಂದಲೇ ಆಗಬೇಕಿತ್ತು. ಜೇವರ್ಗಿಯಿಂದ ಬಂದ ಕಲ್ಲಿನಲ್ಲಿ ಉಳಿದದ್ದನ್ನು ಸುಟ್ಟು ಪುಡಿ ಮಾಡಿ ಕೆಲವು ಸೀಸೆಗಳಿಗೆ ತುಂಬಿ ಬಿಗಿಯಾಗಿ ಮುಚ್ಚಿದರು. ಅಷ್ಟೇ ಸೀಸೆಗಳನ್ನು ಯಂತ್ರದ ತಟ್ಟೆಯಲ್ಲಿ ಇರುತ್ತಿದ್ದಂತೆ ತೆರೆದಿಟ್ಟು ಸಂಜೆಗೆ ಮುಚ್ಚಿದರು. ಎಲ್ಲದರ ಒಳಗೂ ಒಂದೇ ಥರದ ಬಿಳಿ ಪುಡಿ, ನೋಡಿದರೆ ಗುರುತು ಸಿಗದು. ಗುರುತು ಸಿಗಬಾರದು ಎಂಬುದೇ ನೀಲಾಳ ಹಟ. "ಯಾವುದು ಯಾವುದಂತ ನಂಗ ಗೊತ್ತಿದ್ರ ನನ್ನ ಕೈ ಪಕ್ಷಪಾತ ಮಾಡ್ತದ್ರಿ" ಎಂದಳು. ಉಟಾಗೂ ಯೋನಾಸನಿಗೂ ಗೊತ್ತಿರಬಾರದು. ಹಾಗಾದರೆ ಗೊತ್ತಿರಬೇಕಾದವನು ಯಾರು? ಇಡೀ ಕಟ್ಟಡದಲ್ಲಿ ಇದರ ಬಗ್ಗೆ ಏನೂ ತಿಳಿಯದವನು ಒಬ್ಬನೇ ಇದ್ದ. ಮೂವರೂ ನನ್ನ ಕಡೆ ನೋಡಿದರು.

ಹೀಗೆ ಆಳಂದದ ಮೆಡಿಕಲ್ ಅಂಗಡಿಯವನು ಜರ್ಮನಿಯ ವಿಜ್ಞಾನದಲ್ಲಿ ಕೈ ಹಾಕಿದ. ಎರಡೂ ಬಗೆಯ ಸೀಸೆಗಳನ್ನು ಬೇರೆ ಬೇರೆ ತಟ್ಟೆಯಲ್ಲಿ ಪಕ್ಕದ ಕೋಣೆಗೆ ಒಯ್ದು, ಒಂದು ಬಗೆಗೆ ಹಸಿರು ಚೀಟಿ, ಇನ್ನೊಂದಕ್ಕೆ ಹಳದಿ ಚೀಟಿ ಅಂಟಿಸಿ, ಕಲೆಸಿ ತಂದಿಟ್ಟೆ. ಯಾವ ಬಣ್ಣ ಯಾವುದು ಎಂಬುದು ನನ್ನ ತಲೆಯಲ್ಲಿ ಮಾತ್ರ ಇತ್ತು.

ಮರುದಿನ ಕೈಯಿಂದ ಪ್ರಯೋಗ ಶುರುವಾಯಿತು. ನನಗೆ ಒಂದು ಮಾತೂ ಆಡಬಾರದೆಂಬ ಆಜ್ಞೆ ಇತ್ತು. ಅದು ಸಾಲದಾಯಿತು. ಹಸಿರು ಸೀಸೆಯೊಂದನ್ನು ಅವಳು ಕೈಗೆತ್ತಿಕೊಂಡಾಗ ನಾನು ಸುಮ್ಮನೆ ನಿಂತಿದ್ದೆ, ಅಷ್ಟೇ. ಅವಳು ತಟ್ಟನೆ ಸೀಸೆ ಕೆಳಗಿಟ್ಟು, "ಹೊರಗ ಹೋಗ್ರಿ" ಎಂದಳು.

"ನಾ ಏನ್ ಮಾಡ್ದೆ?"

"ನಿಮ್ಮ ಮಾರಿ ಮಾತಾಡ್ತದ. ಹೋಗ್ರಿ ಅಂದ್ರ ಹೋಗ್ರಿ."

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನು ಅವಳ ಎದುರು ತಟ್ಟೆ ಇಟ್ಟೆ. ಅವಳು ತನ್ನ ತಟ್ಟೆ ಎತ್ತಿಕೊಂಡು ಹಿಂದಿನ ಮೇಜಿಗೆ ಹೋಗಿ ನನಗೆ ಬೆನ್ನು ಮಾಡಿ ಕೂತಳು. ಉಟಾ ಬಂದು, ನನ್ನನ್ನು ನೋಡಿ, ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ದಾಟಿದಳು. ಯೋನಾಸ್ ಮೇಲಿನ ದೀಪ ನೋಡುತ್ತ "ಮಾಲ್‌ಟ್ಸೈಟ್" ಅಂದ. ಬೇರೆ ಮೇಜಿನವರು ಗಂಡಹೆಂಡಿರ ಜಗಳವೆಂದು ತಿಳಿದು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಒಬ್ಬ ಪುಣ್ಯಾತ್ಮ ತನ್ನ ಪುಡ್ಡಿಂಗನ್ನು ನನ್ನ ಕಡೆ ಸರಿಸಿದ.

ಆಲೂಗಡ್ಡೆ ತಿನ್ನುತ್ತ ಅವಳ ಬೆನ್ನು ನೋಡುತ್ತಿದ್ದೆ. ಕಲ್ಲು ಗೆದ್ದರೆ ಅವಳು ಇಲ್ಲಿ ಉಳಿಯಬಹುದು. ಸೋತರೆ ನನ್ನ ಜೊತೆ ಬರಬಹುದು. ಮೊದಲ ದಿನ ಬಂದಾಗ ಕೇಳಿದ್ದರೆ ಸೋಲಲಿ ಎಂದಿರುತ್ತಿದ್ದೆನೋ ಏನೋ. ಆ ಬೆನ್ನು ನೋಡುತ್ತ ಹಾಗೆ ಅನ್ನಲು ಮನಸ್ಸು ಬರಲಿಲ್ಲ. ಅವಳು ತಲೆ ತಗ್ಗಿಸಿ, ಅವಸರ ಅವಸರವಾಗಿ, ಪರೀಕ್ಷೆಗೆ ಹೋಗುವ ಹುಡುಗಿಯ ಹಾಗೆ ಉಣ್ಣುತ್ತಿದ್ದಳು.

ಫಲಿತಾಂಶ

ಶುಕ್ರವಾರ ಬೆಳಗ್ಗೆ ಅಳತೆಗಳು ಬಂದವು. ಯೋನಾಸ್ ಅವನ್ನು ಬಣ್ಣದ ಪ್ರಕಾರ ಪರದೆಯ ಮೇಲೆ ಜೋಡಿಸಿ, ಈಗ ಹೇಳಿ ಎಂದ. ಪ್ರೊಫೆಸರ್ ಕೂಡ ಬಂದು ನಿಂತಿದ್ದರು.

"ಹಸಿರು, ಮುಚ್ಚಿಟ್ಟದ್ದು. ಹಳದಿ, ತೆರೆದಿಟ್ಟದ್ದು."

ಹಳದಿ ಚುಕ್ಕೆಗಳೆಲ್ಲ ಕೆಳಗೆ ಬಿದ್ದಿದ್ದವು. ಹಸಿರು ಚುಕ್ಕೆಗಳು ಮೇಲೆ ಗುಂಪಾಗಿದ್ದವು, ಒಂದನ್ನು ಬಿಟ್ಟು. ಉಟಾ ತನ್ನ ಟಿಪ್ಪಣಿ ನೋಡಿ, ಆ ಒಂದರ ಮುಚ್ಚಳ ತೆಗೆಯುವ ಮೊದಲೇ ಸಡಿಲ ಇತ್ತು ಎಂದಳು. ಚೀಟಿ ಅಂಟಿಸುವಾಗ ನಾನೇ ಅದರ ಮುಚ್ಚಳ ಹಿಡಿದು ಎತ್ತಿದ್ದೆ. ಹಾಗೆಂದು ಹೇಳಿದೆ. ಎಲ್ಲರೂ ನಕ್ಕರು. ನೀಲಾ ನಗಲಿಲ್ಲ, ಕುರ್ಚಿಯ ಮೇಲೆ ಕೂತು ಸೆರಗಿಲ್ಲದ ಬಿಳಿ ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡಳು.

ಯೋನಾಸ್ ಅವಳಿಗೆ ಕೈ ನೀಡಿ, ಯಂತ್ರ ತನಗೆ ತೋರಿಸಿದ್ದನ್ನು ಸರಿಯಾಗಿಯೇ ಕಲಿತಿದೆ, ಕಾಯುವ ಹೊತ್ತನ್ನು ನಾವು ಅದಕ್ಕೆ ತೋರಿಸಿರಲಿಲ್ಲ ಎಂದ. ಅವತ್ತೇ ಕೂತು ಕಂಪ್ಯೂಟರಿಗೆ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಲು ಕಲಿಸಿದ. ಉಟಾ ಯಂತ್ರದ ಬೆರಳಿಗೆ ಜಾರದ ರಬ್ಬರು ಸುತ್ತಿ ಮುಚ್ಚಳಗಳನ್ನು ಮತ್ತೆ ಹಾಕಿದಳು. ಮುಂದಿನ ವಾರದ ಪಾಳಿಯವಳು, ಚೀನಾದ ಒಬ್ಬ ಹುಡುಗಿ, ನಡೆದದ್ದನ್ನು ಕೇಳಿ ತನ್ನ ಎರಡು ದಿನಗಳನ್ನು ನೀಲಾಗೆ ಬಿಟ್ಟುಕೊಟ್ಟಳು.

ಆದರೆ ಕಲ್ಲು ಗೆದ್ದಿತು ಎಂದು ನಾನು ಬರೆದರೆ ಸುಳ್ಳಾದೀತು. ಬರೀ ಕಲ್ಲಿನ ಪುಡಿ ಆಮೇಲೂ ನಡುವಿನ ಸಾಲಿನಲ್ಲೇ ಉಳಿಯಿತು. ಮೊದಲ ಸಲ ಚೆನ್ನಾಗಿ ಕೆಲಸ ಮಾಡಿ, ಎರಡನೇ ಸಲಕ್ಕೆ ಸುಸ್ತಾಗುತ್ತಿತ್ತು. ಕಂಪ್ಯೂಟರು ಅದಕ್ಕೆ ಇನ್ನೊಂದು ಪುಡಿ ಬೆರೆಸಿ ನೋಡೋಣ ಎಂದಿತು. ಅದು ನೀಲಾ ವರ್ಷದ ಹಿಂದೆಯೇ ಇದರಿಂದ ಆಗದು ಎಂದು ಬದಿಗಿಟ್ಟಿದ್ದ ಪುಡಿ. "ಇದಕ್ಕೇನ್ ಹುಚ್ಚ ಹಿಡದದೇನ್ರಿ" ಎನ್ನುತ್ತಲೇ ಅವಳು ಒಪ್ಪಿಗೆ ಒತ್ತಿದಳು. ಆ ಬೆರಕೆ ಎರಡನೇ ಸಲವೂ ಮೂರನೇ ಸಲವೂ ಸುಸ್ತಾಗದೆ ನಿಂತಿತು. ಅವತ್ತು ಅವಳು ಗಾಜಿನ ಮುಂದೆ ನಿಂತು ಆ ಯಂತ್ರದ ಕೈಯನ್ನು ನೋಡಿದ ರೀತಿ, ತನ್ನ ಲೆಕ್ಕ ತಿದ್ದಿದ ವಿದ್ಯಾರ್ಥಿಯನ್ನು ನೋಡುವ ರೀತಿಯಾಗಿತ್ತು.

ಹಡಗುಗಳ ದಂಡೆ

ಹೊರಡುವ ಹಿಂದಿನ ದಿನ ಬಂದರಿನ ದಂಡೆಯಲ್ಲಿ ಕೂತಿದ್ದೆವು. ಒಂದು ಹಡಗು ಎಷ್ಟು ನಿಧಾನವಾಗಿ ತಿರುಗುತ್ತಿತ್ತೆಂದರೆ, ಅದು ನಿಂತಿದೆಯೋ ಚಲಿಸುತ್ತಿದೆಯೋ ತಿಳಿಯುತ್ತಿರಲಿಲ್ಲ. ನಾನೇ ಮೊದಲು ಬಾಯಿ ಬಿಟ್ಟೆ.

"ಒಂದು ವರ್ಷ ಇರು ನೀಲಾ. ಊರಾಗ ನಾ ನೋಡ್ಕೋತೇನಿ."

ನನ್ನನ್ನು ಹೊಗಳುತ್ತಾಳೆಂದುಕೊಂಡಿದ್ದೆ. ಅವಳು ಸಿಟ್ಟಿಗೆದ್ದಳು.

"ಕರಕೊಂಡು ಹೋಗಾಕ ಬಂದೀರಿ, ಅದು ನಂಗ ಗೊತ್ತದ. ಈಗ ಇರು ಅಂತೀರಿ. ನಂಗ ಏನ್ ಬೇಕಂತ ಯಾವಾಗರೆ ಕೇಳೀರೇನು?"

"ಈಗ ಕೇಳಾಕತ್ತೇನಿ. ಏನ್ ಬೇಕು?"

"ಮೂರು ತಿಂಗಳು ಬೇಕ್ರಿ. ಈ ಬೆರಕಿ ಎಷ್ಟು ಸಲ ತಾಳ್ತದಂತ ನಾನೇ ನಿಂತು ನೋಡಬೇಕು. ಪ್ರೊಫೆಸರಿಗೆ ನಿನ್ನೇನೇ ಹೇಳೇನಿ, ವರ್ಷ ಆಗಂಗಿಲ್ಲಂತ."

"ಯಾಕ ಆಗಂಗಿಲ್ಲ? ಇಲ್ಲಿ ಚಲೋನೇ ಅದಲ್ಲ."

"ಚಲೋ ಅದ. ಆದ್ರ ನಮ್ಮ ಹುಡುಗ್ರು ಪ್ರಾಕ್ಟಿಕಲ್ಲಿನ್ಯಾಗ ತಪ್ಪು ಮಾಡಿದ್ರ ಮೊದಲು ನನ್ನ ಮಾರಿ ನೋಡ್ತಾರ್ರಿ. ಈ ಮಷೀನ್ ನೋಡಂಗಿಲ್ಲ."

ಮರುದಿನ ನಾನೊಬ್ಬನೇ ವಿಮಾನ ಹತ್ತಿದೆ. ನೀಲಾಳ ಜೊತೆ ಉಟಾ ಕೂಡ ನಿಲ್ದಾಣದ ತನಕ ಬಂದು ನನ್ನನ್ನು ತಬ್ಬಿಕೊಂಡು ಬೀಳ್ಕೊಟ್ಟಳು. ಸುತ್ತಲೂ ನೋಡಿ, ನಮ್ಮೂರಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ತಬ್ಬಿಕೊಂಡೆ.

ಕಲಬುರಗಿ ಸ್ಟೇಷನ್ನು

ಮಾತಿಗೆ ಸರಿಯಾಗಿ ಮೂರು ತಿಂಗಳಿಗೆ ಅವಳು ಬಂದಳು. ಹೈದರಾಬಾದಿನಿಂದ ಬಂದ ರೈಲು ಕಲಬುರಗಿ ಸ್ಟೇಷನ್ನಿನಲ್ಲಿ ನಿಂತಾಗ ನಾನು ಬೋಗಿಯಿಂದ ಬೋಗಿಗೆ ಓಡುತ್ತಿದ್ದೆ. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತ ನಿಂತಿದ್ದಳು, ಕಾಲ ಬಳಿ ಎರಡು ಚೀಲ.

ಚೀಲ ಎತ್ತಿಕೊಳ್ಳುತ್ತ ಕೇಳಿದೆ, "ಎಷ್ಟು ಸಲ ತಾಳ್ತು?"

"ಏಳು ಸಲ."

"ಎಂಟನೇದಕ್ಕ ಕೆಟ್ಟುಹೋಯ್ತೇನು?"

"ಗೊತ್ತಿಲ್ರಿ. ಕಂಪ್ಯೂಟರ್ ಇನ್ನೊಂದು ಸಲ ಮಾಡೂಣು ಅಂತ ಕೇಳಾಕತ್ತಿತ್ತು. ಎಂಟನೇದು ಮುಂದಿನ ಪಾಳಿಯವರು ನೋಡ್ಲಿ, ನನ್ನ ಪಾಳಿ ಮುಗೀತು ಅಂತ ಹೇಳಿ ಎದ್ದು ಬಂದೆ."

ಆಟೋದವನು ಎಲ್ಲಿಗೆ ಎಂದ. ಆಳಂದ ಬಸ್ಸಿಗೆ ಎಂದು ನಾನು ಬಾಯಿ ತೆರೆಯುವ ಮೊದಲೇ, ಅವಳು ಅಫಜಲಪುರ ಬಸ್ಸು ಎಷ್ಟೊತ್ತಿಗೆ ಅದ ಎಂದು ಅವನನ್ನೇ ಕೇಳಿದಳು. ಅವತ್ತು ಮಧ್ಯಾಹ್ನ ಮೊದಲ ವರ್ಷದ ಹುಡುಗರಿಗೆ ಪ್ರಾಕ್ಟಿಕಲ್ ಇತ್ತು.